ಬಾಟಲಿ ಬದಲಾಯಿಸಿಲ್ಲ ಪುಟ್ಟಿ

ಪುಟ್ಟಿ,

ನಿನ್ನೆ ರಾತ್ರಿ ನೀನು ಸಿಟ್ಟಾಗಿದ್ದು ಸರಿ. ಎಚ್‌ಐವಿ ಮಾತ್ರೆಗಳನ್ನು ವಿಟಮಿನ್ ಬಾಟಲಿಗೆ ಸುರಿದುಕೊಂಡು ಮ್ಯಾಂಚೆಸ್ಟರಿಗೆ ಹೋಗು ಅಂತ ನಾನು ಹೇಳಬಾರದಿತ್ತು. "ಇನ್ನೂ ಎಷ್ಟು ವರ್ಷ ಬಚ್ಚಿಡ್ತೀಯಮ್ಮಾ?" ಅಂದೆಯಲ್ಲ, ಆಮೇಲೆ ನನಗೆ ನಿದ್ದೆ ಬರಲಿಲ್ಲ.

ಹಂಪಿ ಟೂರ್ ನೆನಪಾಯಿತು. ಏಳನೇ ಕ್ಲಾಸು. ಆಗ ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಮಾತ್ರೆ. ಯಾರಾದರೂ ನೋಡಿ ಕೇಳಿದರೆ ಅಂತ ಹೆದರಿ, ನಿನಗೆ ಜ್ವರ ಅಂತ ಮಿಸ್ಸಿಗೆ ಸುಳ್ಳು ಹೇಳಿ ನಾನೇ ನಿನ್ನನ್ನು ಕಳಿಸಲಿಲ್ಲ. ಅಷ್ಟರಲ್ಲಿ ಡಬ್ಬಿಗೆ ಚಿತ್ರಾನ್ನ ತುಂಬಿ ಆಗಿತ್ತು. ನೀನು ಯೂನಿಫಾರ್ಮ್ ಬಿಚ್ಚದೆ ಜಗಲಿ ಮೇಲೆ ಕೂತು ಅದನ್ನೇ ತಿಂದೆ. ಶೇಂಗಾ ಮಾತ್ರ ಆರಿಸಿ ಪಕ್ಕಕ್ಕಿಟ್ಟೆ. ಗೆಳತಿಗೆ ಇಷ್ಟ, ಸೋಮವಾರ ಕೊಡ್ತೀನಿ ಅಂದೆ. ಅಳಲಿಲ್ಲ. ಅತ್ತಿದ್ದರೆ ಇಷ್ಟು ಕಾಡುತ್ತಿರಲಿಲ್ಲವೇನೋ. ಆ ಶೇಂಗಾ ಇನ್ನೂ ಕಣ್ಣಮುಂದೆ ಇದೆ.

ಬಾಟಲಿ ಬದಲಾಯಿಸಿಲ್ಲ. ಲೇಬಲ್ ಹಾಗೇ ಇದೆ. ಡಾಕ್ಟರ ಚೀಟಿ, ಚಿಕಿತ್ಸೆ ವಿವರ ಬರೆಯುವ ಗ್ರೀನ್ ಬುಕ್ಕಿನ ಜೆರಾಕ್ಸ್, ಮೂರು ತಿಂಗಳಿಗಾಗುವ ಟಿಎಲ್‌ಡಿ ಮಾತ್ರೆ, ಎಲ್ಲ ಹ್ಯಾಂಡ್‌ಬ್ಯಾಗಿನಲ್ಲಿದೆ. ಸೂಟ್‌ಕೇಸಿಗೆ ಹಾಕಬೇಡ, ಅದು ಬೇರೆ ಊರಿಗೆ ಹೋಗಿಬಿಟ್ಟರೆ? ಇಲ್ಲಿ ರಾತ್ರಿ ಎಂಟಾದಾಗ ಅಲ್ಲಿ ಮಧ್ಯಾಹ್ನ ಮೂರೂವರೆ. ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಎರಡೂವರೆ. ಕ್ಲಾಸಿನ ಹೊತ್ತು ಅಂತ ತಪ್ಪಿಸಬೇಡ, ಅಲ್ಲಿನ ಡಾಕ್ಟರನ್ನು ಕೇಳಿ ಬೇರೆ ಹೊತ್ತು ಗೊತ್ತು ಮಾಡಿಕೋ. ಎದೆಯುರಿ ಅಂತ ಸುಮ್ನೆ ಆ್ಯಂಟಾಸಿಡ್ ಕುಡಿಯಬೇಡ. ಅದರ ಜೊತೆ ನಿನ್ನ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾತ್ರೆ ಅದಕ್ಕಿಂತ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ಆದಮೇಲೆ.

ಮ್ಯಾಂಚೆಸ್ಟರ್ ಮುಟ್ಟಿದ ವಾರವೇ ಎಚ್‌ಐವಿ ಕ್ಲಿನಿಕ್ಕಿನಲ್ಲಿ ಹೆಸರು ಬರೆಸು. 2012ರಿಂದ ಇಂಗ್ಲೆಂಡಿನಲ್ಲಿ ಹೊರಗಿನವರಿಗೂ ಈ ಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹತ್ತು ಮಾತ್ರೆ ಉಳಿದಾಗ ಓಡಾಡುವುದಲ್ಲ. ನೋಡು, ಮತ್ತೆ ಪಾಠ ಶುರು ಮಾಡಿದೆ.

ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಕಮ್ಮಿ ಅನ್ನುವ ನಿನ್ನ ರಿಪೋರ್ಟನ್ನು ಡಿಗ್ರಿ ಸರ್ಟಿಫಿಕೇಟ್ ಜೊತೆಯೇ ಬೀರುವಿನಲ್ಲಿ ಇಟ್ಟಿದ್ದೇನೆ. ಎರಡೂ ನೀನೇ ಸಂಪಾದಿಸಿದ್ದು. ಕಾಯಿಲೆ ಮಾತ್ರ ನನ್ನಿಂದ ಬಂತು. ಕ್ಷಮಿಸು ಅಂತ ಎಷ್ಟೋ ಸಲ ಬರೆದು ಹೊಡೆದುಹಾಕಿದ್ದೇನೆ. ಈ ಸಲ ಹೊಡೆದುಹಾಕುವುದಿಲ್ಲ. ಕ್ಷಮಿಸು ಮಗಳೇ.

ಮಾತ್ರೆ ನುಂಗಿದ ಮೇಲೆ ದಿನಾ ಒಂದು ಮೆಸೇಜ್ ಹಾಕು. ಬೇಡ, ಮೊದಲ ಒಂದು ವಾರ ಹಾಕು ಸಾಕು.

ನಿನ್ನ
ಅಮ್ಮ