ಮಾರುತ್ ವಿಮಾನದ ಅಳತೆ ಕೊಡಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದವರು ಹೊರಗೆ ನಿಲ್ಲಿಸಿರುವ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು ನೋಡಿರುತ್ತಾರೆ. ಬಹಳ ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡೂ ಇರುತ್ತಾರೆ. ಆ ವಿಮಾನದ ಸರಿಯಾದ ಅಳತೆಯ ನಕ್ಷೆ ಜನಕ್ಕೆ ಸಿಗುವ ಹಾಗೆ ಮಾಡಿ ಅಂತ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಾರ್ಖಾನೆಗೆ ಅಚ್ಚು, ಉಪಕರಣ ಮಾಡಿಕೊಡುವ ಟೂಲ್‌ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಟ್ಯಾಂಕು, ಜೀಪು, ವಿಮಾನಗಳ ಪುಟ್ಟ ಮಾದರಿಗಳನ್ನು ಕೂಡಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಯುದ್ಧದ ಆಟ ಆಡುವುದು ನನ್ನ ಹವ್ಯಾಸ. ವಾರ್‌ಗೇಮ್ ಅನ್ನುತ್ತಾರೆ. ಇದರಲ್ಲಿ ಚದುರಂಗದ ಮನೆಗಳಿಲ್ಲ. ಟೇಪು ಹಿಡಿದು ಅಳೆದು ನಡೆಸಬೇಕು. ಗುಂಡು ತಗುಲಿತೋ ಇಲ್ಲವೋ ಅಂತ ಡೈಸ್ ಹಾಕಿ ತೀರ್ಮಾನ. ಹಿಂದಿನ ಜರ್ಮನ್ ರಾಜ್ಯ ಪ್ರಷ್ಯಾದ ಸೈನ್ಯ 1824ರಲ್ಲೇ ತನ್ನ ಅಧಿಕಾರಿಗಳ ತರಬೇತಿಗೆ ಇಂಥ ಆಟ ತಂದಿತ್ತು. ನಮ್ಮ ಸೇನೆಯಲ್ಲೂ ಕಾರ್ಯಾಚರಣೆಗೆ ಮುಂಚೆ ಮರಳಿನಲ್ಲಿ ನೆಲದ ಮಾದರಿ ಮಾಡಿ ವಿವರಿಸುವ ರೂಢಿ ಇದೆ.

ನನ್ನ ಮೇಜಿನ ಮೇಲೆ ಜಾಸ್ತಿ ಇರುವುದು 1965 ಮತ್ತು 1971ರ ಯುದ್ಧಗಳು. ಈಗ ಅಸಲ್ ಉತ್ತರ್ ಕದನ ಇದೆ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮ್‌ಕರಣ್ ಹತ್ತಿರ ನಡೆದದ್ದು. ಪಾಕಿಸ್ತಾನದ ಬಳಿ ಆಗಿನ ಕಾಲಕ್ಕೆ ಹೊಸದಾದ ಪ್ಯಾಟನ್ ಟ್ಯಾಂಕುಗಳು. ನಮ್ಮ ಕಡೆ ಸೆಂಚುರಿಯನ್ ಸ್ವಲ್ಪ, ಉಳಿದಂತೆ ಎರಡನೇ ಮಹಾಯುದ್ಧದ ಕಾಲದ ಹಳೇ ಶರ್ಮನ್‌ಗಳು ಮತ್ತು ಹಗುರವಾದ ಎಎಂಎಕ್ಸ್-13. ಹಾಗಿದ್ದೂ ಗೆದ್ದದ್ದು ಹೇಗೆ ಅಂತ ಪುಸ್ತಕದಲ್ಲಿ ಓದಿದಾಗ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಮೇಜಿನ ಮೇಲೆ ಕಬ್ಬು ನೆಟ್ಟ ಮೇಲೆ ಅರ್ಥವಾಯಿತು.

ಕಬ್ಬಿನ ಗದ್ದೆಗೆ ನಾನು ತೆಂಗಿನ ನಾರಿನ ಕಾಲೊರಸು ಕತ್ತರಿಸಿ ಹಸಿರು ಬಣ್ಣದಲ್ಲಿ ಅದ್ದುತ್ತೇನೆ. ಎತ್ತರ ಸಾಲದ ಕಡೆ ಹುಲ್ಲಿನ ಪೊರಕೆಯ ತುದಿಗಳನ್ನು ಅಂಟಿಸುತ್ತೇನೆ. ನಾನು ಆಡುವುದು 72ರಲ್ಲಿ ಒಂದು ಭಾಗದ ಅಳತೆಯಲ್ಲಿ. ಎರಡೂವರೆ ಮೀಟರ್ ಬೆಳೆದ ಕಬ್ಬು ಅಂದರೆ ಮೂರೂವರೆ ಸೆಂಟಿಮೀಟರ್. ಪ್ಯಾಟನ್ ಟ್ಯಾಂಕಿನ ಒಟ್ಟು ಎತ್ತರ ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಗದ್ದೆಯೊಳಗೆ ಇಟ್ಟ ಕೂಡಲೇ ಟ್ಯಾಂಕಿನ ಮೈ ಮುಳುಗಿ ಗೋಪುರದ ನೆತ್ತಿ ಮಾತ್ರ ಕಾಣುತ್ತದೆ. ತಲೆ ಬಗ್ಗಿಸಿ ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಆ ಟ್ಯಾಂಕಿನವರ ಜಾಗದಿಂದ ನೋಡಿ. ಸುತ್ತ ಹಸಿರು ಗೋಡೆ. ಕಬ್ಬಿನಲ್ಲೇ ಕುದುರೆ ಲಾಳದ ಆಕಾರದಲ್ಲಿ ಕಾದು ಕುಳಿತ ನಮ್ಮ ಟ್ಯಾಂಕುಗಳು ಒಂದೂ ಕಾಣುವುದಿಲ್ಲ. ಜೊತೆಗೆ ನಮ್ಮವರು ನಾಲೆ ಒಡೆದು ನೀರು ಬಿಟ್ಟಿದ್ದರು. ಆಟದ ನಿಯಮದಲ್ಲಿ, ಕೆಸರಾದ ನೆಲದಲ್ಲಿ ಭಾರದ ಟ್ಯಾಂಕು ಅರ್ಧ ಅಳತೆ ಮಾತ್ರ ನಡೆಯಬಹುದು, ಕೆಲವು ಸಲ ಸಿಕ್ಕಿಹಾಕಿಕೊಳ್ಳುತ್ತದೆ. ಭಾರತದ ಲೆಕ್ಕದಲ್ಲಿ ಪಾಕಿಸ್ತಾನ ಅಲ್ಲಿ ಕಳೆದುಕೊಂಡದ್ದು 97 ಟ್ಯಾಂಕು.

ಅದೇ ಕದನದಲ್ಲಿ 4 ಗ್ರೆನೇಡಿಯರ್ಸ್ ಪಡೆಯ ಅಬ್ದುಲ್ ಹಮೀದ್ ಜೀಪಿನ ಮೇಲಿನ 106 ಎಂಎಂ ರಿಕಾಯಿಲ್‌ಲೆಸ್ (ಹಿಂದೊದೆತ ಇಲ್ಲದ) ಫಿರಂಗಿಯಿಂದ ಒಂದಾದ ಮೇಲೊಂದು ಪ್ಯಾಟನ್ ಹೊಡೆದರು. ಅಲ್ಲೇ ಪ್ರಾಣ ಕೊಟ್ಟರು. ಪರಮವೀರ ಚಕ್ರ ಬಂತು. ಆ ಜೀಪಿಗೆ ನಾನು ನಳಿಗೆ ಮಾಡಿದ್ದು ದಪ್ಪ ಇಂಜೆಕ್ಷನ್ ಸೂಜಿಯಿಂದ. ತುದಿಯನ್ನು ಅರದಿಂದ ಸಮ ಮಾಡಿ, ಹಿಂಬದಿಗೆ ಹಿತ್ತಾಳೆಯ ಪುಟ್ಟ ಬಳೆ ಕೂಡಿಸಿದೆ. ಈ ಫಿರಂಗಿಯ ಬೆಂಕಿ ಹಿಂದಕ್ಕೂ ಹಾರುತ್ತದೆ. ಒಂದು ಗುಂಡು ಹಾರಿಸಿದರೆ ಧೂಳೆದ್ದು ಜಾಗ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅದಕ್ಕೇ ಆಟದ ನಿಯಮದಲ್ಲೂ ಗುಂಡು ಹಾರಿಸಿದ ಜೀಪು ಮುಂದಿನ ಸರದಿಯಲ್ಲಿ ಶತ್ರುವಿಗೆ ಕಾಣುತ್ತದೆ. ಜಾಗ ಬದಲಿಸದೆ ಇನ್ನೊಂದು ಗುಂಡು ಹೊಡೆಯಬೇಕು ಅನ್ನಿಸುತ್ತೆ. ಆ ಆಸೆಗೆ ಬಿದ್ದ ಜೀಪು ಉಳಿಯುವುದು ಅಪರೂಪ. ತೆಳು ತಗಡಿನ ಗಾಡಿ ಅದು, ಕವಚ ಅನ್ನುವುದೇ ಇಲ್ಲ. ಆ ಮನುಷ್ಯ ಎಂಥ ಧೈರ್ಯ ಮಾಡಿದರು ಅಂತ ಪ್ರತಿ ಸಲ ಅನ್ನಿಸುತ್ತದೆ.

ಯುದ್ಧದ ಆಟಿಕೆ ಮಕ್ಕಳ ಮನಸ್ಸು ಕೆಡಿಸುತ್ತದೆ ಅನ್ನುವವರಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಮೊಬೈಲ್ ಆಟದಲ್ಲಿ ಸತ್ತವನು ಗುಂಡಿ ಒತ್ತಿದರೆ ಎದ್ದು ಬರುತ್ತಾನೆ. ಇಲ್ಲಿ ಮೇಜಿನಿಂದ ತೆಗೆದಿಟ್ಟ ಟ್ಯಾಂಕು ಮತ್ತೆ ಬರುವುದಿಲ್ಲ. ಅದರೊಳಗೆ ನಾಲ್ಕೈದು ಜನ ಇದ್ದರು ಅನ್ನುವುದು, ಅವರ ಮುಖಕ್ಕೆ ಸಣ್ಣ ಕುಂಚದಲ್ಲಿ ಬಣ್ಣ ಹಚ್ಚಿದ ಹುಡುಗನಿಗೆ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಆಟದ ಮಧ್ಯೆ, ‘ಇವರಿಗೆ ಮುಂದೆ ಏನಿದೆ ಅಂತ ಗೊತ್ತಿಲ್ಲದೆ ಯಾಕೆ ಕಳಿಸಿದರು?’ ಅಂತ ಕೇಳಿದಳು. ಅವತ್ತು ಆಟ ನಿಲ್ಲಿಸಿ ನಕ್ಷೆ ತೆಗೆದು ಕೂತೆವು.

ಈಗ ಮಾರುತ್ ವಿಷಯಕ್ಕೆ ಬರುತ್ತೇನೆ. ಕರ್ಟ್ ಟ್ಯಾಂಕ್ ಅನ್ನುವ ಜರ್ಮನ್ ಎಂಜಿನಿಯರ್ ಮಹಾಯುದ್ಧದ ಕಾಲದಲ್ಲಿ ಫಾಕ್-ವುಲ್ಫ್ 190 ವಿಮಾನ ವಿನ್ಯಾಸ ಮಾಡಿದ್ದರು. ಅದರ ಮಾದರಿ ಕೂಡಿಸುವ ಕಿಟ್ ಏರ್‌ಫಿಕ್ಸ್, ರೆವೆಲ್, ಟಾಮಿಯಾ ಕಂಪನಿ ಎಲ್ಲರಲ್ಲೂ ಉಂಟು. ಅದೇ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ನಮ್ಮ ಎಂಜಿನಿಯರುಗಳ ಜೊತೆ ಸೇರಿ ಮಾಡಿದ್ದು ಮಾರುತ್. 1961ರ ಜೂನ್ 17ರಂದು ಇಲ್ಲೇ ಮೊದಲು ಹಾರಿತು. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಯುದ್ಧ ಮಾಡಿತು. ಅದರ ಪ್ಲಾಸ್ಟಿಕ್ ಕಿಟ್ ಈ ಊರಿನ ಅಂಗಡಿಗಳಲ್ಲಿ ನಾನು ಕಂಡಿಲ್ಲ. ನ್ಯಾಟ್ ವಿಮಾನವನ್ನೂ ಎಚ್‌ಎಎಲ್ ತಯಾರಿಸಿತ್ತು. ಅದರ ಏರ್‌ಫಿಕ್ಸ್ ಕಿಟ್ ಸಿಗುತ್ತದೆ, ಆದರೆ ಡಬ್ಬಿಯ ಮೇಲಿರುವುದು ಬ್ರಿಟನ್ನಿನ ರೆಡ್ ಆರೋಸ್ ತಂಡದ ಕೆಂಪು, ಎರಡು ಸೀಟಿನ ತರಬೇತಿ ನ್ಯಾಟ್. 1965ರಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಅಟ್ಟಿದ ನಮ್ಮ ಬೆಳ್ಳಿ ಮೈಯ, ಒಂದೇ ಸೀಟಿನ ನ್ಯಾಟ್ ಬೇಕು ಅಂದರೆ ಆಕಾರ, ಬಣ್ಣ, ವಾಯುಪಡೆಯ ಚಕ್ರದ ಗುರುತು, ನಂಬರು ಎಲ್ಲ ನಾವೇ ಮಾಡಿಕೊಳ್ಳಬೇಕು.

ಮಾರುತ್ ಅನ್ನು ನಾನೇ ಮಾಡೋಣ ಅಂತ ಕೂತಿದ್ದೇನೆ. ಉದ್ದ 15.87 ಮೀಟರ್, ಅಂದರೆ ನನ್ನ ಅಳತೆಯಲ್ಲಿ 22 ಸೆಂಟಿಮೀಟರ್. ರೆಕ್ಕೆಯ ಅಗಲ ಹನ್ನೆರಡೂವರೆ ಸೆಂಟಿಮೀಟರ್. ಇಷ್ಟು ಎಲ್ಲ ಕಡೆ ಸಿಗುತ್ತದೆ. ಕಷ್ಟ ಇರುವುದು ಅದರ ನಡುವಿನಲ್ಲಿ. ಧ್ವನಿಯ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ಕಡಿಮೆಯಾಗಲಿ ಅಂತ, ರೆಕ್ಕೆ ಸೇರುವ ಕಡೆ ಮಾರುತ್‌ನ ಮೈಯನ್ನು ಸಣ್ಣ ಮಾಡಿದ್ದಾರೆ. ಎಲ್ಲಿಂದ ಸಣ್ಣಗಾಗುತ್ತದೆ, ಎಷ್ಟು, ಅಡ್ಡ ಕೊಯ್ದರೆ ಆ ಜಾಗದ ಆಕಾರ ಏನು, ಇದು ಫೋಟೊದಲ್ಲಿ ಗೊತ್ತಾಗುವುದಿಲ್ಲ. ಬೇಲಿಯಾಚೆ ನಿಂತು ಕಣ್ಣಂದಾಜಿನಲ್ಲಿ ಹೇಳಲೂ ಆಗುವುದಿಲ್ಲ. ಅದೊಂದು ತಪ್ಪಿದರೆ ಅದು ಮಾರುತ್ ಅಲ್ಲ, ಯಾವುದೋ ವಿಮಾನ.

ನನ್ನ ಕೋರಿಕೆ ಇಷ್ಟೇ. ವಿಶ್ವೇಶ್ವರಯ್ಯ ಮ್ಯೂಸಿಯಂ ಮತ್ತು ಎಚ್‌ಎಎಲ್ ಪಾರಂಪರಿಕ ವಸ್ತುಸಂಗ್ರಹಾಲಯ ಸೇರಿ ಮಾರುತ್‌ನ ಮೂರು ಬದಿಯ ನಕ್ಷೆ, ಮೂತಿಯಿಂದ ಬಾಲದವರೆಗಿನ ಅಡ್ಡ ಕೊಯ್ತದ ಚಿತ್ರಗಳು, 1971ರ ಬಣ್ಣ ಮತ್ತು ಗುರುತುಗಳ ವಿವರ ಪ್ರಕಟಿಸಲಿ. 1990ರ ಹೊತ್ತಿಗೇ ಸೇವೆಯಿಂದ ಹೊರಬಂದ ವಿಮಾನದಲ್ಲಿ ಗುಟ್ಟು ಏನೂ ಉಳಿದಿರಲಾರದು. ಹಳೇ ನಕ್ಷೆ ಸಿಗದಿದ್ದರೆ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಒಂದೆರಡು ದಿನ ವಿಮಾನ ಅಳೆಯಲು, ಸ್ಕ್ಯಾನ್ ಮಾಡಲು ಬಿಡಲಿ. ತ್ರೀಡಿ ಪ್ರಿಂಟರ್ ಈಗ ಎಷ್ಟೋ ಕಾಲೇಜುಗಳಲ್ಲಿದೆ. ಒಮ್ಮೆ ಫೈಲ್ ತಯಾರಾದರೆ ಶಿವಮೊಗ್ಗದ ಹುಡುಗನೂ ಕಲಬುರಗಿಯ ಹುಡುಗಿಯೂ ಸ್ವಲ್ಪ ಖರ್ಚಿನಲ್ಲಿ ತಮ್ಮ ಮಾರುತ್ ಮಾಡಿಕೊಳ್ಳಬಹುದು. ಅಳೆಯುವ ಕೆಲಸಕ್ಕೆ ನನ್ನಂಥ ನಿವೃತ್ತ ಟೂಲ್‌ರೂಮ್ ನೌಕರರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದೇವೆ. ಸಂಬಳ ಬೇಡ, ಏಣಿ ಒಂದು ಕೊಟ್ಟರೆ ಸಾಕು.

— ಹಳೇ ಓದುಗ, ಜಾಲಹಳ್ಳಿ, ಬೆಂಗಳೂರು