7ನೇ ತರಗತಿಯ ಡಾಟ್ ಪ್ಲಾಟ್: ಅಂಕ ಕಡಿಮೆಯಾದದ್ದರ ಬಗ್ಗೆ ಪಾಲಕರಿಗೆ ಪತ್ರ

ಕಲಬುರಗಿ

7ನೇ ತರಗತಿಯ ಎಲ್ಲ ಪಾಲಕರಿಗೆ ನಮಸ್ಕಾರಗಳು.

ಗಣಿತ ಪ್ರಾಜೆಕ್ಟಿನಲ್ಲಿ ಸಂಖ್ಯಾರೇಖೆಯ ಪ್ರತಿ ಸಂಖ್ಯೆಯ ಮೇಲೆ ಚುಕ್ಕಿಗಳನ್ನು ಸಾಲಾಗಿ ಏರಿಸಿ ಎಣಿಕೆ ತೋರಿಸುವ ಡಾಟ್ ಪ್ಲಾಟ್‌ಗೆ 10ರಲ್ಲಿ 3 ಅಂಕ ಕಟ್ ಆಗಿದೆಯೆಂದು ಕೆಲವರು ಶಾಲೆಗೇ ಬಂದು ಕೇಳಿದ್ದೀರಿ. ಕೇಳಿದ್ದು ಒಳ್ಳೆಯದೇ ಆಯಿತು. "ಎಣಿಕೆ ಸರಿ ಇದೆ, ನೋಡಲಿಕ್ಕೂ ಚಂದ ಇದೆ, ಮತ್ತ್ಯಾಕೆ ಕಟ್?" ಎಂಬುದು ನಿಮ್ಮ ಪ್ರಶ್ನೆ. ಎಣಿಕೆಗೆ ಪೂರ್ತಿ ಅಂಕ ಕೊಟ್ಟಿದ್ದೇವೆ. ಕಟ್ ಆದದ್ದು ಚುಕ್ಕಿಯ ಅಳತೆ ಮತ್ತು ಸಾಲಿನ ಅಂತರಕ್ಕೆ.

ಮಕ್ಕಳು ಬರೆದದ್ದು, ಯಾರ ಮನೆಯಲ್ಲಿ ಎಷ್ಟು ಮಂದಿ ಎಂಬುದನ್ನು. ಒಂದು ಮನೆಗೆ ಒಂದು ಚುಕ್ಕಿ. 5 ಮಂದಿಯ ಮನೆಗಳು 9, 6 ಮಂದಿಯವು 11 ಎಂದಿಟ್ಟುಕೊಳ್ಳಿ. 5ರ ಮೇಲೆ 12 ಮಿ.ಮೀ. ಸ್ಟಿಕ್ಕರ್ ಒಂದಕ್ಕೊಂದು ತಾಗಿಸಿ ಅಂಟಿಸಿದರೆ ಎತ್ತರ 108 ಮಿ.ಮೀ. ದೊಡ್ಡವು ತೀರಿದವೆಂದು 6ರ ಮೇಲೆ 8 ಮಿ.ಮೀ.ನವನ್ನು ಅಂಟಿಸಿದರೆ ಬರೀ 88. ಕಡಿಮೆ ಮನೆಗಳ ಸಾಲೇ ಎತ್ತರ! ನೋಡುವವರ ಕಣ್ಣು ಮೊದಲು ಹೋಗುವುದು ಎತ್ತರಕ್ಕೆ, ಎಣಿಸುವುದು ಆಮೇಲೆ. ಸೂಪರ್ ಮಾರ್ಕೆಟ್‌ನಿಂದ ಮಿಂಚುವ ಸ್ಟಿಕ್ಕರ್ ತಂದು ಸಾಲಾಗಿ ಹಚ್ಚಿದ ಮಕ್ಕಳ ಉತ್ಸಾಹ ನಮಗೂ ಇಷ್ಟವಾಗಿದೆ. (ಕೆಲವು ಹಾಳೆಗಳಲ್ಲಿ ದೊಡ್ಡವರ ಕೈಯೂ ಕಾಣುತ್ತಿತ್ತು, ಇರಲಿ.) ಆದರೆ ಆ ಹಾಳೆಗೆ ಅಂಕ ಹೆಚ್ಚಿಸಲು ಬರುವುದಿಲ್ಲ.

ಗ್ರಾಫ್ ಹಾಳೆಯಲ್ಲಿ ಸಂಖ್ಯಾರೇಖೆ ಎಳೆದು ಸೆಂ.ಮೀ.ಗೆ ಒಂದು ಸಂಖ್ಯೆ ಬರೆಯಬೇಕು. ಮೊದಲ ಚುಕ್ಕಿಯ ನಡು ರೇಖೆಯಿಂದ ಅರ್ಧ ಸೆಂ.ಮೀ. ಮೇಲಿರಲಿ, ಮುಂದಿನವು ಒಂದೊಂದು ಸೆಂ.ಮೀ.ಗೆ. ಚುಕ್ಕಿ 6 ಮಿ.ಮೀ. ಇದ್ದರೆ ನಡುವೆ 4 ಮಿ.ಮೀ. ಖಾಲಿ ಉಳಿದು ಎಣಿಸಲು ಸುಲಭ. ಸ್ಕೆಚ್ ಪೆನ್ನಿನ ಮಸಿ ಗ್ರಾಫ್ ಹಾಳೆಯಲ್ಲಿ ಹರಡುತ್ತದೆ, ಪೆನ್ಸಿಲೇ ವಾಸಿ. ಹಳ್ಳಿಯ ಮನೆ, ಪಟ್ಟಣದ ಮನೆ ಬೇರೆ ತೋರಿಸಬೇಕಿದ್ದರೆ ಒಂದಕ್ಕೆ ತುಂಬಿದ ಚುಕ್ಕಿ, ಇನ್ನೊಂದಕ್ಕೆ ಅದೇ ಅಳತೆಯ ಖಾಲಿ ಸುತ್ತು. ಕೆಂಪು-ಹಸಿರು ಹಾಕಿದರೆ ಜೆರಾಕ್ಸ್‌ನಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. 8ರ ನಂತರ ಒಂದೇ ಒಂದು ಜಂಟಿ ಕುಟುಂಬ, 14 ಮಂದಿ ಇದ್ದರೆ, 9ರಿಂದ 13ರವರೆಗೆ ಚುಕ್ಕಿ ಇಲ್ಲದಿದ್ದರೂ ಸಂಖ್ಯೆ ಬರೆಯಲೇಬೇಕು.

ಕಂಪ್ಯೂಟರ್ ಸೆಂಟರ್‌ನಲ್ಲಿ ಎಕ್ಸೆಲ್‌ನಿಂದ ತೆಗೆಸಿದವರ ತೊಂದರೆ ಬೇರೆ. ಅಲ್ಲಿ ಚಾರ್ಟ್ ಸಣ್ಣದು ಮಾಡಿದರೂ ಮಾರ್ಕರ್ (ಅಂದರೆ ಚುಕ್ಕಿ) ಸಣ್ಣದಾಗುವುದಿಲ್ಲ. ಹೀಗಾಗಿ ಚುಕ್ಕಿಗಳು ಒಂದರ ಮೇಲೊಂದು ಏರಿ ದಪ್ಪ ಗೆರೆಯಾಗಿವೆ. ಚಾರ್ಟಿನ ಅಳತೆ ಮೊದಲು, ಮಾರ್ಕರ್ ಸೈಜ್ ಆಮೇಲೆ ಇಡಬೇಕು.

ಮತ್ತೊಮ್ಮೆ ಹೇಳುತ್ತೇನೆ, ಅಂದ ಕಡಿಮೆಯೆಂದು ಯಾರ ಅಂಕವನ್ನೂ ಕಡಿದಿಲ್ಲ. ಹೊಸ ಹಾಳೆ ಮಾಡಿಕೊಟ್ಟ ಮಕ್ಕಳದ್ದನ್ನು ಗಣಿತ ಶಿಕ್ಷಕರು ಹೊಸದಾಗಿ ನೋಡಿ ಅಂಕ ಕೊಡುತ್ತಾರೆ, ಅದಕ್ಕೆ ನಾನು ಹೊಣೆ.

ಶನಿವಾರ ಬೆಳಗಿನ ಶಾಲೆಗೆ ಒಂದು ಗ್ರಾಫ್ ಹಾಳೆ, ಪೆನ್ಸಿಲ್, ಸ್ಕೇಲ್ ಕೊಟ್ಟು ಕಳಿಸಿರಿ, ಸ್ಟಿಕ್ಕರ್ ಬೇಡ.

ತಮ್ಮ ವಿಶ್ವಾಸಿ,
ಮುಖ್ಯ ಗುರುಗಳು