ಸೇಲಂ ಹುಡುಗಿಗೆ ಒಂದು ಫೋನ್ ಮಾಡು, ಮಗಳೇ

ಅಕ್ಟೋಬರ್ 1, 2023

ಮಗಳೇ,

ಶುಕ್ರವಾರ ರಾತ್ರಿ ಮಾತಿನ ಮಧ್ಯೆ ಫೋನ್ ಇಟ್ಟುಬಿಟ್ಟೆ. ನೀನು ಮತ್ತೆ ಮಾಡಿದೆ, ನಾನು ಎತ್ತಲಿಲ್ಲ. ಕಾವೇರಿ ನೀರಿನ ಬಂದ್ ಓಡಾಟದಲ್ಲಿ ಸುಸ್ತಾಗಿದೆ ಅಂತ ನಿನ್ನ ಅಮ್ಮನ ಕೈಲಿ ಹೇಳಿಸಿದೆ. ಸುಸ್ತಾಗಿದ್ದೂ ನಿಜವೇ, ಬೆಳಗ್ಗೆಯಿಂದ ಮಂಡ್ಯದ ಸಂಜಯ ವೃತ್ತದಲ್ಲಿ ಬಿಸಿಲಲ್ಲಿ ಕೂತಿದ್ದೆವು. ಆದರೆ ಫೋನ್ ಇಟ್ಟಿದ್ದು ಅದಕ್ಕಲ್ಲ. ನಿನ್ನ ರೂಮಿನ ಸೇಲಂ ಹುಡುಗಿ ಹೆದರಿಕೊಂಡು 26ರ ಬೆಂಗಳೂರು ಬಂದ್‌ಗೂ ಮೊದಲೇ ಊರಿಗೆ ಹೊರಟುಹೋದಳು ಅಂದೆಯಲ್ಲ, ಅಂದು ನಕ್ಕೆಯಲ್ಲ, ಅದಕ್ಕೆ. 'ಸ್ವಲ್ಪ ಹೆದರಲಿ ಬಿಡಪ್ಪ, ನಮ್ಮ ನೀರು ಕುಡಿದು ನಮ್ಮ ಮೇಲೇ ಕೇಸು ಹಾಕ್ತಾರೆ' ಅಂದೆ. ನಾನು ಸುಮ್ಮನಿದ್ದುದನ್ನು ನೋಡಿ 'ನೀನು ಯಾರ ಕಡೆ ಅಪ್ಪ?' ಅಂತಲೂ ಕೇಳಿದೆ.

ಫೋನಿನಲ್ಲಿ ಉತ್ತರ ಹೇಳೋಕೆ ಹೋದರೆ ನಾನು ರೇಗುತ್ತೇನೆ, ನೀನು ಅಳುತ್ತೀಯ. ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ತಮ್ಮನ ಕೈಲಿ ಟೈಪ್ ಮಾಡಿಸಿ ಕಳಿಸುತ್ತೇನೆ. ನಿಧಾನವಾಗಿ ಓದು. ಫೋನ್ ಎತ್ತದೆ ಇದ್ದಿದ್ದಕ್ಕೆ ಬೇಜಾರು ಮಾಡ್ಕೋಬೇಡ ಕಣವ್ವಾ.

ನಿನ್ನ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮ ಗದ್ದೆಯಿಂದಲೇ ಬಂತು. ಆಗಸ್ಟ್ ಪೂರ್ತಿ ಮಳೆ ಇಲ್ಲ. ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದೆ. ಕೆಆರ್‌ಎಸ್ 124.8 ಅಡಿಗೆ ತುಂಬಬೇಕಾದದ್ದು ನೂರಡಿಯ ಕೆಳಗೇ ನಿಂತಿದೆ. ಅಂಥದ್ದರಲ್ಲಿ ದೆಹಲಿಯಿಂದ ತಮಿಳುನಾಡಿಗೆ 5,000 ಕ್ಯುಸೆಕ್ ಬಿಡಿ, ಈಗ 3,000 ಕ್ಯುಸೆಕ್ ಬಿಡಿ ಅಂತ ಆದೇಶದ ಮೇಲೆ ಆದೇಶ. ಹಾಕಿದ ಒಟ್ಲಿನ ಭತ್ತದ ಸಸಿ ನಾಟಿಗೆ ಬಾರದೆ ಬಲಿತುಹೋಯಿತು ಅಂತ ಅಮ್ಮ ಹೇಳಿದ್ದಕ್ಕೆ ನೀನು ಸಂಬಳದಲ್ಲಿ ಉಳಿಸಿಟ್ಟಿದ್ದನ್ನು ಬೋರ್‌ವೆಲ್ ಮೋಟರ್ ರಿಪೇರಿಗೆ ಕಳಿಸಿದೆ. ಅದನ್ನು ಊರಿನಲ್ಲಿ ಎಷ್ಟು ಜನರಿಗೆ ಹೇಳಿಕೊಂಡಿದ್ದೇನೋ ನನಗೇ ಲೆಕ್ಕ ಇಲ್ಲ. ಬೆಂಗಳೂರಿಗೆ ಹೋಗಿ ಊರು ಮರೆತವರು ಬೇಕಾದಷ್ಟು ಜನ ಇದ್ದಾರೆ, ನನ್ನ ಮಗಳು ಅವರಂಥವಳಲ್ಲ. ನೀನು ಅಪ್ಪನ ಪರವಾಗಿ ಸಿಟ್ಟು ಮಾಡ್ಕೊಂಡಿದ್ದೀಯ. ನನ್ನ ಪರವಾಗಿ ಬಂದ ಸಿಟ್ಟು ಪಾಪದ ಒಂದು ಹುಡುಗಿಯ ಮೇಲೆ ಹೋಯಿತಲ್ಲ, ಅದು ನನಗೆ ತಡೆಯೋಕಾಗುತ್ತಿಲ್ಲ.

1991ರಲ್ಲಿ ನಾನು ಬೆಂಗಳೂರಿನಲ್ಲಿದ್ದೆ ಅನ್ನೋದು ನಿನಗೆ ಗೊತ್ತು. ವರ್ಕ್‌ಶಾಪ್ ಕೆಲಸ, ಶ್ರೀರಾಂಪುರದಲ್ಲಿ ಒಂದು ವಠಾರದ ರೂಮು, ಅದೆಲ್ಲ ಕೇಳಿದ್ದೀಯ. ಇದನ್ನು ಮಾತ್ರ ಹೇಳಿರಲಿಲ್ಲ.

ಆ ವಠಾರದಲ್ಲಿ ಎಂಟು ಮನೆಗೆ ಒಂದೇ ನಲ್ಲಿ. ನೀರು ಬರುತ್ತಿದ್ದುದು ಬೆಳಗಿನ ಜಾವ. ನನಗೆ ರಾತ್ರಿ ಪಾಳಿ ಇದ್ದಾಗಲೆಲ್ಲ ಪಕ್ಕದ ಮನೆ ಅಕ್ಕ ನನ್ನ ಎರಡು ಬಿಂದಿಗೆ ತುಂಬಿಸಿ ಬಾಗಿಲ ಹತ್ತಿರ ಇಟ್ಟಿರುತ್ತಿದ್ದರು. ಧರ್ಮಪುರಿ ಕಡೆಯವರು. ಗಂಡ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದರು. ಐದು ವರ್ಷದ ಒಬ್ಬ ಮಗ ಇದ್ದ.

ಆ ವರ್ಷ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಬೇಕು ಅಂತ ಮಧ್ಯಂತರ ಆದೇಶ ಕೊಟ್ಟಿತ್ತು. ನಮ್ಮ ಸರ್ಕಾರ ಒಪ್ಪದೆ ಸುಗ್ರೀವಾಜ್ಞೆ ತಂದಿತು, ಸುಪ್ರೀಂ ಕೋರ್ಟ್ ಅದು ನಡೆಯಲ್ಲ ಅಂದಿತು. ಡಿಸೆಂಬರ್‌ನಲ್ಲಿ ಕೇಂದ್ರ ಆ ಆದೇಶವನ್ನು ಗೆಜೆಟ್‌ನಲ್ಲಿ ಹಾಕಿತು. 13ನೇ ತಾರೀಖು ಕರ್ನಾಟಕ ಬಂದ್. ಆಮೇಲೆ ಆಗಿದ್ದನ್ನು ಬಂದ್ ಅನ್ನೋಕೆ ಬಾಯಿ ಬರಲ್ಲ. ತಮಿಳರ ಗುಡಿಸಲು, ಅಂಗಡಿ ಹುಡುಕಿ ಹುಡುಕಿ ಸುಟ್ಟರು. ಜನ ಸತ್ತರು. ಸಾವಿರಾರು ಜನ ಊರು ಬಿಟ್ಟರು. ಅದಕ್ಕೆ ಪ್ರತಿಯಾಗಿ ಗಡಿಯ ಆಚೆ ಕನ್ನಡದವರ ಮೇಲೂ ಬಿದ್ದರು.

ಅವತ್ತು ಸಾಯಂಕಾಲ ಆ ಅಕ್ಕ ನನ್ನ ಬಾಗಿಲು ತಟ್ಟಿದರು. ಬಾಗಿಲ ಮುಂದಿನ ಕೋಲ, ಅಂದರೆ ಅವರ ಕಡೆಯ ರಂಗೋಲಿ, ಅಳಿಸಿದ್ದರು. ಗೋಡೆಗೆ ಹಾಕಿದ್ದ ತಮಿಳು ಕ್ಯಾಲೆಂಡರ್ ಸುರುಳಿ ಸುತ್ತಿ ಕೈಯಲ್ಲಿ ಹಿಡಿದಿದ್ದರು, ಎಲ್ಲಿ ಇಡಬೇಕು ಅಂತ ತಿಳಿಯದೆ. ಒಳಗೆ ಬಂದು, 'ತಮ್ಮಾ, ಇವನು ಮಾತಾಡಿದರೆ ಗೊತ್ತಾಗಿಬಿಡುತ್ತೆ, ನಿಮ್ಮ ಥರ ಹೇಳೋದು ಕಲಿಸು' ಅಂದರು.

ನಾನು ಕಲಿಸಿದೆ. ದೀಪ ಹಚ್ಚದೆ, ಕತ್ತಲಲ್ಲಿ ಕೂತು ಕಲಿಸಿದೆ. ನನ್ನ ತಮ್ಮನ ಹೆಸರನ್ನೇ, ಅಂದರೆ ನಿನ್ನ ಚಿಕ್ಕಪ್ಪನ ಹೆಸರನ್ನೇ ಅವನಿಗೆ ಕೊಟ್ಟೆ. 'ನನ್ನ ಹೆಸರು ಇಂಥದ್ದು, ನಾವು ಮಂಡ್ಯದವರು' ಅಂತ ಹೇಳಿಸಿದೆ. ಅವನು 'ಎಸರು' ಅಂತಿದ್ದ. ನಾನು 'ಎಸರು ಅಲ್ಲ, ಹೆಸರು ಅನ್ನು' ಅಂತ ತಿದ್ದುತ್ತಿದ್ದೆ. ನಮ್ಮ ಮನೆಯಲ್ಲಿ ನಿನ್ನ ಅಜ್ಜಿ ಸಾಯುವ ತನಕ 'ಎಸರು' ಅಂತಲೇ ಅಂದಿದ್ದು ಕಣಮ್ಮ, ನಾನೂ ಅಂಗೇ ಅನ್ನುತ್ತಿದ್ದೆ. ಆದರೂ ಆ ಮಗುವನ್ನು ತಿದ್ದಿದೆ. ಯಾಕೆಂದರೆ ನಾನು ಎಸರು ಅಂದರೆ ಯಾರೂ ಏನೂ ಮಾಡುತ್ತಿರಲಿಲ್ಲ, ಅವನು ಅಂದರೆ ಮಾಡುತ್ತಿದ್ದರು. ಮಗುವಿಗೆ ಅದು ಆಟ ಅನ್ನಿಸಿತ್ತು. ಸರಿಯಾಗಿ ಹೇಳಿದಾಗಲೆಲ್ಲ ಅಮ್ಮನ ಮುಖ ನೋಡುತ್ತಿದ್ದ. ಅವರು ತಲೆ ಆಡಿಸುತ್ತಿದ್ದರು, ಒಂದು ಸಲವೂ ನಗಲಿಲ್ಲ. ಹೊರಗೆ ಬೀದಿ ಕೊನೆಯಲ್ಲಿ ಏನೋ ಒಡೆದ ಸದ್ದಾದರೆ ಸಾಕು, ನಾವಿಬ್ಬರೂ ಉಸಿರು ಹಿಡಿದು ಕೂರುತ್ತಿದ್ದೆವು. ಅವನು ಮಾತ್ರ ಹೇಳುತ್ತಲೇ ಇದ್ದ, ನಾವು ಮಂಡ್ಯದವರು, ನಾವು ಮಂಡ್ಯದವರು.

ಗಲಾಟೆ ಸ್ವಲ್ಪ ತಣ್ಣಗಾದ ಮೇಲೆ ಅವರು ಹೊರಟರು. ಕಂಟೋನ್ಮೆಂಟ್ ಸ್ಟೇಷನ್ ತನಕ ನಾನೂ ಹೋದೆ. ಪ್ಲಾಟ್‌ಫಾರಂ ತುಂಬಾ ಟ್ರಂಕು, ಗಂಟು ಹೊತ್ತ ಜನ. ಟೀ ಮಾರುವವನು ಒಬ್ಬ ಸುಮ್ನೆ ಈ ಮಗುವಿನ ಕೆನ್ನೆ ಮುಟ್ಟಿದ. ಇವನು ನೆಟ್ಟಗೆ ನಿಂತು ಒಂದೇ ಉಸಿರಿಗೆ ಹೆಸರು, ಊರು ಎರಡನ್ನೂ ಒಪ್ಪಿಸಿಬಿಟ್ಟ. ಕೇಳಿದವರು ಯಾರೂ ಇರಲಿಲ್ಲ. ಅವರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆ ಮನೆಯವರು ಆಮೇಲೆ ವಠಾರಕ್ಕೆ ಬರಲಿಲ್ಲ, ಬೇರೆ ಯಾರೋ ಬಾಡಿಗೆಗೆ ಬಂದರು. ಆ ಮಗುವಿಗೆ ಈಗ ಮೂವತ್ತೇಳು ಇರಬೇಕು. ಅವನಿಗೂ ನಿನ್ನಂಥ ಮಗಳಿರಬಹುದು. ಪ್ರತಿ ಬರಗಾಲದ ವರ್ಷ ಟಿವಿಯಲ್ಲಿ ಕಾವೇರಿ ಅಂತ ಶುರುವಾದ ಕೂಡಲೇ ನನಗೆ ಅವನ ದನಿ ಕೇಳಿಸುತ್ತೆ. ನೀನು ಫೋನಿನಲ್ಲಿ ನಕ್ಕಾಗಲೂ ಅದೇ ಕೇಳಿಸಿತು. ನಿನ್ನ ಜೊತೆ ಒಂದೇ ರೂಮಿನಲ್ಲಿ ಮಲಗುವ ಹುಡುಗಿ ಬ್ಯಾಗು ತುಂಬುವಾಗ ಏನು ಯೋಚನೆ ಮಾಡಿರಬಹುದು? ಬಸ್ಸಿನಲ್ಲಿ ಅವರಮ್ಮನ ಫೋನ್ ಬಂದರೆ ತಮಿಳಿನಲ್ಲಿ ಮಾತಾಡಲೋ ಬೇಡವೋ ಅಂತ ಯೋಚಿಸಿರಲ್ವಾ?

ಇದನ್ನು ಇಷ್ಟುದ್ದ ಬರೆಯಬೇಕು ಅಂತಿರಲಿಲ್ಲ. ನಿನ್ನ ತಮ್ಮ ಟೈಪ್ ಮಾಡುತ್ತಾ ಮಾಡುತ್ತಾ ಸುಮ್ಮನಾಗಿಬಿಟ್ಟಿದ್ದಾನೆ.

ಯಾರ ಕಡೆ ಅಂತ ಕೇಳಿದೆಯಲ್ಲ. ನಾನು ನಮ್ಮ ಗದ್ದೆಯ ಕಡೆ. ಅದಕ್ಕೇ ಸಂಜಯ ವೃತ್ತದಲ್ಲಿ ಕೂತಿದ್ದೆ, ನಾಳೆ ಕರೆದರೆ ನಾಳೆಯೂ ಕೂರುತ್ತೇನೆ. ಈ ಬರದಲ್ಲಿ ನೀರು ಬಿಡಿ ಅನ್ನೋದು ಅನ್ಯಾಯ ಅಂತಲೇ ನನ್ನ ಮಾತು. ಆದರೆ ನಮ್ಮ ಊರು ಎಲ್ಲಿದೆ ಅಂತ ಒಂದು ಸಲ ನೆನಪು ಮಾಡಿಕೋ. ವಿ.ಸಿ. ನಾಲೆಯ ಕೊನೆ ಭಾಗ. ಪಾಂಡವಪುರದವರಿಗೆ ಸಿಕ್ಕಿ, ಮಂಡ್ಯದವರಿಗೆ ಸಿಕ್ಕಿ, ಉಳಿದರೆ ಮದ್ದೂರಿನ ನಮಗೆ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ನಮ್ಮ ತೂಬಿಗೆ ಬರುವಷ್ಟರಲ್ಲಿ ಮೇಲೆ ನಿಲ್ಲಿಸುವ ದಿನ ಬಂದಿರುತ್ತೆ. ಆಗ ನಾವು ಮೇಲಿನವರನ್ನು ಏನೇನು ಬಯ್ಯುತ್ತೇವೆ ಅಂತ ನೀನೇ ಕೇಳಿದ್ದೀಯ. ತಂಜಾವೂರು, ತಿರುವಾರೂರಿನ ರೈತರು ಇದೇ ನದಿಯ ಕೊನೆ ಭಾಗದವರು, ಅಷ್ಟೇ. ಈಗ ಅಲ್ಲಿ ಅವರ ಕುರುವೈ ಭತ್ತವೂ ಒಣಗುತ್ತಿದೆ. ಕೊನೆ ಭಾಗದ ಸಂಕಟ ಮೇಲಿನವರಿಗೆ ಅರ್ಥ ಆಗದೆ ಇರಬಹುದು, ನಮಗೆ ಅರ್ಥ ಆಗದೆ ಇದ್ದರೆ ಹೇಗೆ?

ಅವರಿಗೆ ನೀರು ಬಿಟ್ಟುಕೊಡೋಣ ಅಂತ ಹೇಳುತ್ತಿಲ್ಲ. ವಾದ ಮಾಡೋಣ. ಆದರೆ ವಾದ ಹೇಗೆ ಮಾಡಿದರೆ ನೀರು ಸಿಕ್ಕಿದೆ ಅಂತ ಲೆಕ್ಕ ನೋಡು. 2016ರ ಸೆಪ್ಟೆಂಬರ್ 12ಕ್ಕೆ ಬೆಂಗಳೂರಿನಲ್ಲಿ ಹತ್ತಾರು ಬಸ್ ಸುಟ್ಟರು. ಹೆಗ್ಗನಹಳ್ಳಿಯಲ್ಲಿ ಗೋಲಿಬಾರ್ ಆಗಿ ನಮ್ಮದೇ ಹುಡುಗ ಒಬ್ಬ ಸತ್ತ. ಚೆನ್ನೈನಲ್ಲಿ ಕನ್ನಡದವರ ಹೋಟೆಲ್ ಮೇಲೆ ಪೆಟ್ರೋಲ್ ಬಾಂಬ್ ಎಸೆದರು. ಅಷ್ಟಾದರೂ ಎರಡೂ ಕಡೆ ಯಾರ ಗದ್ದೆಗೂ ಒಂದು ಬಿಂದಿಗೆ ನೀರು ಹೆಚ್ಚಾಗಿ ಬರಲಿಲ್ಲ. ನೀರು ಬಂದದ್ದು 2018ರ ಫೆಬ್ರವರಿ 16ಕ್ಕೆ. 2007ರಲ್ಲಿ ನ್ಯಾಯಮಂಡಳಿ ನಮಗೆ ಕೊಟ್ಟಿದ್ದ 270 ಟಿಎಂಸಿಯನ್ನು ಸುಪ್ರೀಂ ಕೋರ್ಟ್ 284.75 ಮಾಡಿತು. ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದದ್ದನ್ನು 192ರಿಂದ 177.25ಕ್ಕೆ ಇಳಿಸಿತು. ಆ ಹದಿನಾಲ್ಕು ಮುಕ್ಕಾಲು ಟಿಎಂಸಿ ವರ್ಷಾನುಗಟ್ಟಲೆ ಕೂತು ಅಂಕಿ ಅಂಶ ಜೋಡಿಸಿದ ಎಂಜಿನಿಯರುಗಳಿಂದ, ವಕೀಲರಿಂದ ಬಂತು. ತಮಿಳುನಾಡಿನ ಮುಖಜ ಭೂಮಿಯ, ಅಂದರೆ ನದಿ ಸಮುದ್ರ ಸೇರುವ ಕಡೆಯ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿಯಬೇಕು ಅಂದರು, ಅದಕ್ಕೆ 10 ಟಿಎಂಸಿ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಅಂತ ನ್ಯಾಯಮಂಡಳಿ ಕುಡಿಯುವ ನೀರಿನ ಲೆಕ್ಕ ಹಾಕಿತ್ತು, ಊರು ಪೂರ್ತಿ ಕುಡಿಯಬೇಕು ಅಂದರು, ಅದಕ್ಕೆ 4.75.

ಆ 4.75ನ್ನು ನೆನಪಿಟ್ಟುಕೋ ಮಗಳೇ. ಬೆಂಗಳೂರಿನಲ್ಲಿ ಇಷ್ಟು ಜನ ಇದ್ದಾರೆ, ಅವರಿಗೆ ಕುಡಿಯೋಕೆ ಇಷ್ಟು ಬೇಕು ಅಂತ ತಲೆ ಎಣಿಸಿ ನಾವೇ ಕೇಳಿ ತಂದ ನೀರು ಅದು. ಎಣಿಸುವಾಗ ಮನೆಯಲ್ಲಿ ಯಾವ ಭಾಷೆ ಅಂತ ಕೇಳಿರಲಿಲ್ಲ. ನಿಮ್ಮ ಪಿಜಿಯ ನಲ್ಲಿಯಲ್ಲಿ ಬರುವುದರಲ್ಲಿ ಆ ಹುಡುಗಿಯ ಪಾಲೂ ಇದೆ, ಕಾನೂನು ಪ್ರಕಾರವೇ ಇದೆ.

ಇನ್ನೊಂದು ಮಾತು. 2015ರಲ್ಲಿ ನಮ್ಮ ಜಿಲ್ಲೆಯಲ್ಲಿ ಕಬ್ಬು ಬೆಳೆದವರು ಸಾಲಾಗಿ ಪ್ರಾಣ ಕಳೆದುಕೊಂಡರಲ್ಲ, ನೀನು ಪಿಯುಸಿ ಓದುತ್ತಿದ್ದೆ, ಆಗ ನಾನು ರಾತ್ರಿ ನಿದ್ದೆ ಮಾಡದೆ ಜಗಲಿ ಮೇಲೆ ಕೂರುತ್ತಿದ್ದುದು ನಿನಗೆ ನೆನಪಿದೆ. ಆಗ ನಮ್ಮನ್ನು ಕೊಂದದ್ದು ಕಬ್ಬಿನ ಬಾಕಿ, ಬಡ್ಡಿ ಸಾಲ. ಯಾವ ತಮಿಳಿನವನೂ ಅದರಲ್ಲಿ ಇರಲಿಲ್ಲ. ಆ ಬಾಕಿಗೆ ಯಾರೂ ಕರ್ನಾಟಕ ಬಂದ್ ಮಾಡಲಿಲ್ಲ. ಒಂದೇ ಪಕ್ಷದವರು ಹೊಸೂರು ದಾಟಿದ ಕೂಡಲೇ ಬೇರೆ ಮಾತಾಡುತ್ತಾರೆ. ಚುನಾವಣೆ ಮುಂದಿದ್ದರೆ ದನಿ ಇನ್ನೂ ಜೋರು. ಅವರಿಗೆ ಐದು ವರ್ಷದ ಲೆಕ್ಕ. ನಮ್ಮ ಮಣ್ಣಿಗೆ ಅಷ್ಟು ಸಣ್ಣ ಲೆಕ್ಕ ಸಾಲದು. ಮೈಸೂರು, ಮದ್ರಾಸ್ 1924ರಲ್ಲಿ ಸಹಿ ಹಾಕಿದ ಒಪ್ಪಂದದಲ್ಲಿ ಐವತ್ತು ವರ್ಷ ಆದ ಮೇಲೆ ಕೂತು ಮತ್ತೆ ನೋಡೋಣ ಅಂತ ಬರೆದಿದ್ದರು. ಆ ಒಪ್ಪಂದದಲ್ಲಿ ನಮಗೆ ಅನ್ಯಾಯ ಆಯಿತು, ಆದರೆ ಐವತ್ತು ವರ್ಷ ಮುಂದಕ್ಕೆ ಯೋಚಿಸುವ ತಾಳ್ಮೆ ಆ ಕಾಲದವರಿಗೆ ಇತ್ತು.

ಹೋದ ವರ್ಷ ನೋಡು. ಮಳೆ ಜಾಸ್ತಿಯಾಗಿ ನಿನ್ನ ಬಸ್ಸು ರಾಮನಗರದ ಹತ್ತಿರ ನೀರಲ್ಲಿ ನಿಂತಿತ್ತು. 177.25 ಬಿಡಬೇಕಾದ ಕಡೆ ತಮಿಳುನಾಡಿಗೆ 600 ಟಿಎಂಸಿಗಿಂತ ಜಾಸ್ತಿ ಹರಿದುಹೋಯಿತು. ಆಗ ಎರಡೂ ಕಡೆ ಯಾರಾದರೂ ಕೂತು ಮಾತಾಡಿದರಾ? ಮುಂದಿನ ಬರಕ್ಕೆ ಏನು ಮಾಡೋಣ, ಕಷ್ಟದ ವರ್ಷ ಹೇಗೆ ಹಂಚಿಕೊಳ್ಳೋಣ ಅಂತ ಕೇಳಿದರಾ? ಹೊಟ್ಟೆ ತುಂಬಿದ ವರ್ಷ ಮಾತಾಡಿದರೆ ಮಾತು ನಿಲ್ಲುತ್ತೆ. ಬರದಲ್ಲಿ ಮಾತಾಡೋಕೆ ಹೋದರೆ ಬರೀ ಕೂಗಾಟ. ಮಾತಾಡೋಕೆ ಬರಲ್ಲ ಅಂತೇನಿಲ್ಲ. 2002ರ ಕಾವೇರಿ ಗಲಾಟೆ ಆದಮೇಲೆ, 2003ರಲ್ಲಿ, ಎರಡೂ ರಾಜ್ಯದ ರೈತರು ಚೆನ್ನೈನಲ್ಲಿ ಸೇರಿ 'ಕಾವೇರಿ ಕುಟುಂಬ' ಅಂತ ಕಟ್ಟಿಕೊಂಡರು. ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಪ್ರೊಫೆಸರ್ ಜನಕರಾಜನ್ ಸೇರಿಸಿದ್ದು. ನಮ್ಮ ಕಡೆಯಿಂದ ರೈತ ನಾಯಕ ಪುಟ್ಟಣ್ಣಯ್ಯನವರಂಥವರೂ ಇದ್ದರು. ಒಬ್ಬರ ಊರಿಗೆ ಒಬ್ಬರು ಹೋಗಿ ಗದ್ದೆ, ಅಣೆಕಟ್ಟು ನೋಡಿದರು, ಊಟ ಮಾಡಿದರು. ಸರ್ಕಾರಗಳು ಅದನ್ನು ಕೈಹಿಡಿದು ನಡೆಸಲಿಲ್ಲ, ಅದು ಬೇರೆ ಮಾತು. ಆದರೆ ಅಷ್ಟು ದಿನ ಟಿವಿಯಲ್ಲಿ ಮಾತ್ರ ಕಾಣುತ್ತಿದ್ದವರು ಬದುವಿನ ಮೇಲೆ ಕೂತು ಬಡ್ಡಿ, ಬೀಜ, ಗೊಬ್ಬರದ ಕಷ್ಟ ಹೇಳಿಕೊಂಡರು.

ಮತ್ತೆ ಭಾಷಣ ಆಯಿತು ಅನ್ನುತ್ತೀಯ. ಆಗಲಿ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ನನ್ನ ಭಯ ನೀನು ಕೆಟ್ಟವಳಾಗುತ್ತೀಯ ಅಂತಲ್ಲ. 1991ರಲ್ಲಿ ಬೀದಿಗೆ ಬಂದವರಲ್ಲೂ ನನ್ನ ಜೊತೆ ಊಟ ಮಾಡಿದ ಹುಡುಗರಿದ್ದರು, ಮನೆಯಲ್ಲಿ ತಂಗಿಯರನ್ನು ಪ್ರೀತಿಯಿಂದ ನೋಡಿಕೊಂಡವರು. ಒಳ್ಳೆಯವರಿಗೇ ಅದು ಬೇಗ ಅಂಟುತ್ತೆ, ಯಾಕೆಂದರೆ ನ್ಯಾಯ ನಮ್ಮ ಕಡೆ ಇದೆ ಅನ್ನಿಸುತ್ತೆ. ನ್ಯಾಯ ನಮ್ಮ ಕಡೆ ಇದೆ, ನಿಜ. ಅದಕ್ಕೇ ಜಾಸ್ತಿ ಹುಷಾರಾಗಿರಬೇಕು.

ಇವತ್ತೇ ಆ ಹುಡುಗಿಗೆ ಫೋನ್ ಮಾಡು. ನಮ್ಮೂರು, ನಾಲೆ, ಬರ ಅಂತ ಕಥೆ ಹೇಳೋಕೆ ಹೋಗಬೇಡ. ಬಸ್ ಓಡಾಡುತ್ತಿದೆ, ಮೆಜೆಸ್ಟಿಕ್ಕಿಗೋ ಸ್ಯಾಟಲೈಟ್‌ಗೋ ನಾನೇ ಬಂದು ಕರ್ಕೊಂಡು ಹೋಗ್ತೀನಿ ಅನ್ನು. ಆಮೇಲೆ ಹೋಗಿ ನಿಲ್ಲು. ಅವರಪ್ಪ ಅಮ್ಮನಿಗೆ ಭಯ ಇದ್ದರೆ ನನ್ನ ನಂಬರ್ ಕೊಡು. ನನಗೆ ಅವರ ಭಾಷೆ ಅಲ್ಪಸ್ವಲ್ಪ ಅರ್ಥ ಆಗುತ್ತೆ, ಹೆಣ್ಣು ಹೆತ್ತವರ ಭಯವಂತೂ ಪೂರ್ತಿ ಅರ್ಥ ಆಗುತ್ತೆ.

ಇನ್ನೊಂದು ಕೆಲಸ ಇದೆ, ಇದು ನಿನ್ನ ಕೈಲೇ ಆಗಬೇಕು. ಮಳೆ ಕಡಿಮೆಯಾದ ವರ್ಷ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸಿ ಹಂಚಬೇಕು ಅಂತ ತೀರ್ಪಿನಲ್ಲಿದೆ. ಆದರೆ ತಿಂಗಳು ತಿಂಗಳಿಗೆ ಅದನ್ನು ಹೇಗೆ ಲೆಕ್ಕ ಹಾಕೋದು ಅನ್ನುವಲ್ಲೇ ಎಲ್ಲ ಜಗಳ. ನಮ್ಮ ಸಂಘದಲ್ಲಿ ಎಲ್ಲರೂ ಅದರ ಬಗ್ಗೆ ಜೋರಾಗಿ ಮಾತಾಡುತ್ತಾರೆ, ಪೂರ್ತಿ ಓದಿದವರು ಯಾರೂ ಇಲ್ಲ. ನೀನು ಲೆಕ್ಕದಲ್ಲಿ ಜಾಣೆ, ಇಡೀ ದಿನ ಕಂಪ್ಯೂಟರಿನಲ್ಲಿ ಅದೇ ಕೆಲಸ ಮಾಡುತ್ತೀಯ. ಆ ಭಾಗ ಓದಿ, ನಮ್ಮಂಥವರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಎರಡು ಪುಟ ಬರೆದು ತಾ. ದಸರಾ ರಜಕ್ಕೆ ಬಂದಾಗ ಸಂಘದ ಸಭೆ ಕರೆಸುತ್ತೇನೆ, ನೀನೇ ಓದಿ ಹೇಳುವೆಯಂತೆ. ಪ್ರಿಂಟ್ ತೆಗೆಸುವಾಗ ಅಕ್ಷರ ದಪ್ಪ ಇರಲಿ.

ನಿನ್ನ ಅಪ್ಪ